ಮೇಸ್ತ್ರಿಯ ಮೂರನೇ ಕೈ

"ನೋಡ್ತಿರು! ಗಡಿಯಾರ ಹತ್ತು ಹೊಡೆಯೋದರೊಳಗೆ ನಿನ್ನ ಮೇಜು ನಿನ್ನ ಅಂಗಡಿಯಲ್ಲಿ ಇರಲಿಲ್ಲ ಅಂದ್ರೆ ನಾನು ಉಳಿ ಹಿಡಿಯೋದನ್ನೇ ಬಿಟ್ಟುಬಿಡ್ತೀನಿ!"

ಚಹಾದ ಲೋಟವನ್ನು ಕೆಲಸದ ಬೆಂಚಿನ ಮೇಲೆ ಕುಕ್ಕಿ ಬಡಗಿ ಮೇಸ್ತ್ರಿಗಳು ಹೀಗೆ ಸಾರಿದಾಗ ಬೆಳಗಿನ ಎಂಟು ಗಂಟೆ. ಕೇಳಿಸಿಕೊಂಡವರು ಇಬ್ಬರೇ. ಒಬ್ಬರು ಅವರ ಹೆಂಡತಿ. ಊರಿಗೆಲ್ಲ ಬಟ್ಟೆ ಹೊಲಿದುಕೊಟ್ಟು ಟೈಲರಮ್ಮ ಎಂದೇ ಹೆಸರಾದವರು. ಇನ್ನೊಬ್ಬರು ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್. ಮೂವತ್ತು ವರ್ಷ ಬಸ್ಸು ಓಡಿಸಿ ಮನೆ ಸೇರಿದ್ದರೂ ಬಸ್ಸು ಅವರೊಳಗಿನಿಂದ ಇಳಿದಿರಲಿಲ್ಲ. ಹಾಗಾಗಿ ಎಲ್ಲರಿಗೂ ಅವರು ಬಸ್ಸಣ್ಣ.

"ಉಳಿ ಬಿಡೋದೇನೂ ಬೇಡ," ಎಂದರು ಟೈಲರಮ್ಮ. "ಹನ್ನೊಂದಕ್ಕೆ ಮೇಟ್ರನ್ ಬರ್ತಾರೆ. ಅಷ್ಟರೊಳಗೆ ಮೇಜು ಬಂದರೆ ಸಾಕು ನನಗೆ."

ಮಾತು ಮೆತ್ತಗಿದ್ದರೂ ಅದರ ಹಿಂದೆ ಇಪ್ಪತ್ತಾರು ವರ್ಷಗಳ ಮಂಡಿನೋವಿತ್ತು. ಅಷ್ಟು ವರ್ಷವೂ ಅವರು ನೆಲದ ಮೇಲೆ ಬಟ್ಟೆ ಹಾಸಿ, ಮಂಡಿಯೂರಿ ಕತ್ತರಿಸಿದವರು. ಗಂಡ ಊರಿನ ಮುಕ್ಕಾಲು ಮನೆಗಳಿಗೆ ಮೇಜು ಮಾಡಿಕೊಟ್ಟಿದ್ದರು. ಸ್ವಂತ ಹೆಂಡತಿಯ ಮೇಜು ಮಾತ್ರ 'ಮುಂದಿನ ತಿಂಗಳು' ಎಂಬ ಮರದಲ್ಲೇ ಉಳಿದಿತ್ತು. ಈಗ ಟೈಲರಮ್ಮ ಪೇಟೆಬೀದಿಯಲ್ಲಿ ಒಂದು ಕೋಣೆ ಹಿಡಿದು ಅಂಗಡಿ ತೆರೆಯುತ್ತಿದ್ದರು. ದೊಡ್ಡಾಸ್ಪತ್ರೆಯ ಮೇಟ್ರನ್, ನರ್ಸುಗಳ ನೂರನಲವತ್ತು ಬಿಳಿ ಕೋಟು ಹೊಲಿಸಬೇಕೆಂದು ಅಂಗಡಿ ನೋಡಲು ಬರುವವರಿದ್ದರು. ಬರುವ ಮೊದಲೇ ಒಂದು ಮಾತು ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು: "ನೆಲದ ಮೇಲೆ ಬಟ್ಟೆ ಕತ್ತರಿಸೋರಿಗೆ ಆಸ್ಪತ್ರೆ ಕೆಲಸ ಕೊಡಲ್ಲ."

ಆ ಮಾತು ಕೇಳಿ ಮೇಸ್ತ್ರಿಗಳು ಇಪ್ಪತ್ತು ದಿನ ಬೇರೆ ಯಾವ ಕೆಲಸಕ್ಕೂ ಕೈ ಹಾಕಲಿಲ್ಲ. ಏಳೂವರೆ ಅಡಿ ಉದ್ದ, ನಾಲ್ಕಡಿ ಅಗಲ, ಆರು ಡ್ರಾಯರು, ಅಂಚಿನುದ್ದಕ್ಕೂ ಮರದೊಳಗೇ ಕೂರಿಸಿದ ಹಿತ್ತಾಳೆಯ ಅಳತೆಪಟ್ಟಿ! ಅದು ಮೇಜಲ್ಲ, ತಡವಾಗಿ ಕೇಳಿದ ಕ್ಷಮೆ. ಆದರೆ ಮೇಸ್ತ್ರಿಗಳು ಹಾಗೆಲ್ಲ ಬಾಯಿಬಿಟ್ಟು ಹೇಳುವ ಜಾತಿಯವರಲ್ಲ.

ಇನ್ನು ಗಾಡಿಯ ವಿಷಯ. ಮೇಜು ಸಾಗಿಸಬೇಕಾದದ್ದು ಹದಿನೈದು ದಿನದ ಹಿಂದೆ ಕಲ್ಲುಕ್ವಾರಿಯ ಎಂಜಿನಿಯರರಿಂದ ಕೊಂಡ ಭಾರೀ ಪಿಕಪ್ಪಿನಲ್ಲಿ. ಪಿಕಪ್ ಅಂದರೆ ಪಿಕಪ್! ಕ್ಯಾಬಿನ್ನಿಗೆ ನಾಲ್ಕು ಬಾಗಿಲು, ಎರಡು ಸಾಲು ಸೀಟು. ಹಿಂದೆ ಆನೆಮರಿಯನ್ನು ಮಲಗಿಸಿ ಲಾಲಿ ಹಾಡುವಷ್ಟು ದೊಡ್ಡ ತೊಟ್ಟಿ. ತೊಟ್ಟಿಯ ಮೈಗೆಲ್ಲ ಜಾರದಂತೆ ರಬ್ಬರಿನ ಲೇಪ, ಮೂಲೆಮೂಲೆಗೂ ಹಗ್ಗ ಬಿಗಿಯುವ ಕೊಂಡಿ. ತೊಟ್ಟಿಯ ಹಿಂಬಾಗಿಲು ಗುಂಡಿ ಒತ್ತಿದರೆ ತಾನೇ ಇಳಿಯುತ್ತದೆ, ತಾನೇ ಏರುತ್ತದೆ. ಮುಂದೊಂದು ಕ್ಯಾಮೆರಾ, ಹಿಂದೊಂದು ಕ್ಯಾಮೆರಾ. ಕ್ಯಾಬಿನ್ನಿನ ಬಾಗಿಲು ತೆರೆದರೆ ಕಾಲಿಡಲು ಮೆಟ್ಟಿಲು ತಾನಾಗಿ ಹೊರಗೆ ಬರುತ್ತದೆ. ಮೇಸ್ತ್ರಿಗಳು "ನಾನೇನು ಮುದುಕನೇ?" ಎಂದು ಆ ಮೆಟ್ಟಿಲನ್ನು ದಾಟಿಯೇ ಹತ್ತುತ್ತಿದ್ದರು, ದಿನಕ್ಕೊಂದು ಸಲವಾದರೂ ಮೊಣಕಾಲಿನ ಮೂಳೆ ಬಡಿಸಿಕೊಳ್ಳುತ್ತಿದ್ದರು.

ಎಂಜಿನಿಯರರು ಗಾಡಿಯ ಜೊತೆ ನಾನೂರು ಪುಟದ ಪುಸ್ತಕವೊಂದನ್ನು ಕೊಟ್ಟು, "ಇದನ್ನೊಮ್ಮೆ ಓದಿ ಮೇಸ್ತ್ರಿ, ಇದರಲ್ಲಿ ಸುರಕ್ಷತೆಯ ಏರ್ಪಾಡು ತುಂಬಾ ಇವೆ," ಎಂದಿದ್ದರು. ಮೇಸ್ತ್ರಿಗಳು ಪುಸ್ತಕದ ದಪ್ಪವನ್ನು ಎರಡು ಬೆರಳಲ್ಲಿ ಅಳೆದು ಸಂತೋಷಪಟ್ಟರು. ಕೆಲಸದ ಬೆಂಚಿನ ಕುಂಟು ಕಾಲಿಗೆ ಅದು ಅಳತೆ ಹಿಡಿದು ಮಾಡಿದ ಹಾಗಿತ್ತು. ಅಂದಿನಿಂದ ಬೆಂಚು ಅಲುಗಾಡಿಲ್ಲ.

"ಗುರುವಿಲ್ಲದೆ ಮರಗೆಲಸ ಕಲಿತವನು ನಾನು. ಪುಸ್ತಕ ಓದಿ ಗಾಡಿ ಕಲಿಯಲಾ?" ಎಂಬುದು ಅವರ ಪ್ರಶ್ನೆ.

ಗುರುವಿಲ್ಲದೆ ಕಲಿತ ವಿದ್ಯೆಗಳಲ್ಲಿ ಮುಖ್ಯವಾದದ್ದೊಂದಿದೆ. ಭಾರದ ಬೀರು, ಮೇಜು, ಮಂಚಗಳನ್ನು ಮೇಸ್ತ್ರಿಗಳು ಕೈಯಿಂದ ದೂಡುವುದಿಲ್ಲ. ಕೆಳಗೆ ಕಬ್ಬಿಣದ ಪೈಪಿನ ತುಂಡುಗಳನ್ನು ಉರುಳೆಯಾಗಿ ಕೊಟ್ಟು, ಎರಡೂ ಕೈಯಲ್ಲಿ ಅಂಚು ಹಿಡಿದು ದಾರಿ ತೋರಿಸುತ್ತ, ಹೊಟ್ಟೆಯಿಂದ ಒತ್ತುತ್ತಾರೆ. ಅವರ ಹೊಟ್ಟೆ ಸಾಮಾನ್ಯವಲ್ಲ, ಗಟ್ಟಿಮರದ ಗುಬುಟು! "ಇದು ಹೊಟ್ಟೆಯಲ್ಲ ಕಣಯ್ಯಾ, ನನ್ನ ಮೂರನೇ ಕೈ," ಎಂದು ತಟ್ಟಿ ತೋರಿಸುತ್ತಿದ್ದರು. ಆ ಮೂರನೇ ಕೈಯ ಮೇಲೆ ಸದಾ ಒಂದು ಏಪ್ರನ್. ಏಪ್ರನ್ನಿನ ನಟ್ಟನಡುವೆ ಒಂದು ಜೇಬು. ಎಂಟು ವರ್ಷದ ಹಿಂದೆ ಟೈಲರಮ್ಮನೇ ಹೊಲಿದುಕೊಟ್ಟದ್ದು. ಅವರು ಜೇಬನ್ನು ಪಕ್ಕಕ್ಕೆ ಇಡಲು ಹೊರಟಿದ್ದರು. "ನಡುವೆಯೇ ಇರಲಿ, ಎರಡೂ ಕೈಗೆ ಸಿಗುತ್ತೆ," ಎಂದು ಹಟ ಹಿಡಿದವರು ಮೇಸ್ತ್ರಿಗಳು. ಪೆನ್ಸಿಲ್ಲು, ಟೇಪು, ನಾಲ್ಕು ಮೊಳೆ, ಈಗ ಹೊಸದಾಗಿ ಗಾಡಿಯ ಕೀ, ಎಲ್ಲವೂ ಅದರಲ್ಲೇ. ಈ ಗಾಡಿಗೆ ಕೀ ತಿರುಗಿಸುವ ತೂತಿಲ್ಲ. ಕೀ ಜೇಬಿನಲ್ಲಿದ್ದರೆ ಸಾಕು, ಗುಂಡಿ ಒತ್ತಿದೊಡನೆ ಎಂಜಿನ್ ಶುರು!

ಎಂಟೂಕಾಲಿಗೆ ಮೇಜಿನ ಮೆರವಣಿಗೆ ಹೊರಟಿತು. ಕೆಲಸದ ಕೊಟ್ಟಿಗೆಯಿಂದ ತೊಟ್ಟಿಯವರೆಗೆ ಎರಡು ಹಲಗೆ, ಹಲಗೆಯ ಮೇಲೆ ಪೈಪು, ಪೈಪಿನ ಮೇಲೆ ಮೇಜು. ಮೇಸ್ತ್ರಿಗಳು ಉಸಿರು ಕಟ್ಟಿ, ಹೊಟ್ಟೆ ಆನಿಸಿ, "ಹ್ಞೂಂ!" ಎಂದು ಒತ್ತಿದರು.

ಪೇಂ! ಪೇಂ! ಪೇಂ! ಪೇಂ!

ಗಾಡಿ ದೀಪಗಳನ್ನೆಲ್ಲ ಮಿಟುಕಿಸುತ್ತ ಕಿರುಚತೊಡಗಿತು. ಮೇಸ್ತ್ರಿಗಳು ಬೆಚ್ಚಿ ಹಿಂದೆ ಹಾರಿದರು. ಬಸ್ಸಣ್ಣ ಅಭ್ಯಾಸಬಲದಿಂದ ರಸ್ತೆಯ ಪಕ್ಕಕ್ಕೆ ಹಾರಿದರು.

"ಏನಾಯ್ತೋ ಇದಕ್ಕೆ?"

"ಇನ್ನೊಂದ್ಸಲ ದೂಡು ನೋಡೋಣ."

ಒತ್ತಿದರು. ಗಪ್‌ಚುಪ್! ಗಾಡಿ ಸುಮ್ಮನಾಯಿತು. ಮತ್ತೊಮ್ಮೆ ಒತ್ತಿದರು. ಪೇಂ! ಪೇಂ! ಪೇಂ!

ಬಸ್ಸಣ್ಣ ಗಾಡಿಯ ಸುತ್ತ ಎರಡು ಪ್ರದಕ್ಷಿಣೆ ಬಂದು ತೀರ್ಪು ಕೊಟ್ಟರು. "ಇದು ಸೇಫ್ಟಿ ಮೇಸ್ತ್ರಿ, ಸೇಫ್ಟಿ! ಭಾರ ಜಾಸ್ತಿ ಅಂದ್ರೆ ಗಾಡಿ ಮುಂಚೇನೇ ಅಳುತ್ತೆ."

"ಮೇಜಿನ ಒಂದು ಕಾಲೂ ತೊಟ್ಟಿಗೆ ತಾಗಿಲ್ಲ. ಆಗಲೇ ಭಾರ ಹೇಗೆ ಗೊತ್ತಾಯ್ತು?"

"ಹೊಸ ಗಾಡಿಗಳು ದೂರದಿಂದಲೇ ಕಣ್ಣಲ್ಲಿ ತೂಗ್ತವೆ ಕಣಯ್ಯಾ. ಹಿಂದುಗಡೆ ಕ್ಯಾಮೆರಾ ಮತ್ತೆ ಯಾಕಿಟ್ಟಿದ್ದಾರೆ ಅಂದ್ಕೊಂಡೆ?"

ಮೇಸ್ತ್ರಿಗಳು ಹಿಂದಿನ ಕ್ಯಾಮೆರಾವನ್ನು ಒಮ್ಮೆ ಅನುಮಾನದಿಂದ ನೋಡಿದರು. ಕಲ್ಲುಕ್ವಾರಿಯ ಬಂಡೆ ಹೊತ್ತ ಗಾಡಿಗೆ ಒಂದು ಮೇಜು ಭಾರವಾಯಿತೇ ಎಂದು ಟೈಲರಮ್ಮ ಕೇಳಿದರು. "ಬಂಡೆ ಹೊತ್ತೂ ಹೊತ್ತೂ ಅದಕ್ಕೆ ಬುದ್ಧಿ ಬಂದಿದೆ," ಎಂದು ಬಸ್ಸಣ್ಣ ಅದನ್ನೂ ತಳ್ಳಿಹಾಕಿದರು.

"ರೀ, ಆ ಪುಸ್ತಕ ಒಂದ್ಸಲ ತೆಗೆದು ನೋಡಬಾರದಾ?"

"ಅದನ್ನ ತೆಗೆದರೆ ಬೆಂಚು ಕುಂಟುತ್ತೆ!"

ಸರಿ, ಭಾರ ಇಳಿಸುವ ಕಾರ್ಯ ಶುರುವಾಯಿತು. ಮೊದಲು ಆರು ಡ್ರಾಯರು ಕಳಚಿದರು. ಹೊಟ್ಟೆ ಆನಿಸಿದರು. ಪೇಂ! ಗಾಡಿಯಡಿಯಿಂದ ಹೆಚ್ಚುವರಿ ಚಕ್ರ ಬಿಚ್ಚಿ ಕೆಳಗಿಟ್ಟರು. ಪೇಂ! ತೊಟ್ಟಿಯಲ್ಲಿದ್ದ ಎರಡು ಗೋಣಿಚೀಲ, ಒಂದು ಹಳೆಯ ಚಪ್ಪಲಿ, ಅರ್ಧ ಡಬ್ಬಿ ಅಂಟು, ಎಲ್ಲ ಇಳಿಸಿದರು. ಪೇಂ! ಕಡೆಗೆ ಬಸ್ಸಣ್ಣ ತಮ್ಮ ಜೇಬಿನ ಚಿಲ್ಲರೆಯನ್ನೂ ತೆಗೆದು ಕಟ್ಟೆಯ ಮೇಲಿಟ್ಟರು. ಆದರೂ ಪೇಂ!

ಬೀದಿಯ ನಾಯಿಗಳು ಗಾಡಿಗೆ ಉತ್ತರ ಕೊಡತೊಡಗಿದವು. ಗಂಟೆ ಒಂಬತ್ತೂವರೆ. ಟೈಲರಮ್ಮ ಗಡಿಯಾರ ನೋಡಿ, ಸೆರಗಿನಿಂದ ಡ್ರಾಯರುಗಳ ಧೂಳು ಒರೆಸತೊಡಗಿದರು. ಅದೇ ಮೇಸ್ತ್ರಿಗಳಿಗೆ ಹೆಚ್ಚು ಚುಚ್ಚಿದ್ದು.

"ಸರಿ, ನೀನು ಹಿಂದಿನಿಂದ ದೂಡು ಬಸ್ಸಣ್ಣ. ನಾನು ತೊಟ್ಟಿಯೊಳಗೆ ನಿಂತು ಹಗ್ಗ ಹಾಕಿ ಎಳೀತೀನಿ."

ಹಗ್ಗ ಬೆನ್ನಿನ ಮೇಲೆ ಹಾದು ಹೋಗುವಂತೆ ತಿರುಗಿ ನಿಂತು ಮೇಸ್ತ್ರಿಗಳು ಎತ್ತಿನಂತೆ ಎಳೆದರು. ಮೇಜು ಸರಸರನೆ ಒಳಗೆ ಬಂತು. ಗಾಡಿ ತುಟಿಪಿಟಿಕ್ಕೆನ್ನಲಿಲ್ಲ!

"ನೋಡಿದ್ಯಾ?" ಬಸ್ಸಣ್ಣ ಎದೆಯುಬ್ಬಿಸಿದರು. "ಡ್ರಾಯರಿನ ಭಾರವೇ ಆಗಿತ್ತು. ಡ್ರಾಯರು ತೊಟ್ಟಿಗೆ ಬೇಡ, ಸೀಟಿನ ಮೇಲೆ ಬರಲಿ."

ಗಾಡಿ ಅದೇ, ಭಾರ ಅದೇ, ಜಾಗ ಮಾತ್ರ ಬೇರೆ ಎಂಬುದು ಆ ಹೊತ್ತಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಹಿಂದಿನ ಸೀಟಿನಲ್ಲಿ ಬಸ್ಸಣ್ಣ, ಐದು ಡ್ರಾಯರು ಮತ್ತು ಟೈಲರಮ್ಮ ಒಬ್ಬರಿಗೊಬ್ಬರು ಅಂಟಿಕೊಂಡು ಕೂತರು. ಆರನೆಯ ಡ್ರಾಯರು ಟೈಲರಮ್ಮನ ತೊಡೆಯ ಮೇಲೆ. ಮುಂದಿನ ಸೀಟಿನಲ್ಲಿ ಉಳಿ, ಕೊಡತಿ, ಗರಗಸ ತುಂಬಿದ ಪೆಟ್ಟಿಗೆ. ನಲವತ್ತು ವರ್ಷದಿಂದ ಆ ಪೆಟ್ಟಿಗೆ ಮೇಸ್ತ್ರಿಗಳ ಪಕ್ಕದಲ್ಲೇ ಕೂತು ಬಂದದ್ದು. ಹಿಂದೆ ಹೋಗುವ ಪ್ರಶ್ನೆಯೇ ಇಲ್ಲ.

ಗಾಡಿ ಹೊರಟೊಡನೆ ಟಿಂಗ್, ಟಿಂಗ್, ಟಿಂಗ್ ಎಂದು ಹೊಸ ರಾಗ ಶುರುವಾಯಿತು.

"ಇದೇನು ಮತ್ತೆ?"

"ಪಕ್ಕದ ಸೀಟಲ್ಲಿ ಯಾರೋ ಬೆಲ್ಟ್ ಹಾಕದೆ ಕೂತಿದ್ದಾರೆ ಅಂತಿದೆ," ಬಸ್ಸಣ್ಣ ಪರದೆಯ ಮೇಲಿನ ಚಿತ್ರ ಓದಿದರು. "ಪೆಟ್ಟಿಗೆಯನ್ನ ಮನುಷ್ಯ ಅಂದ್ಕೊಂಡಿದೆ ಗಾಡಿ."

ಮೇಸ್ತ್ರಿಗಳು ಗಾಡಿ ನಿಲ್ಲಿಸಿದರು. ಪೆಟ್ಟಿಗೆಯನ್ನು ನೆಟ್ಟಗೆ ಕೂರಿಸಿ, ಬೆಲ್ಟನ್ನು ಅದರ ಮೈಮೇಲೆ ನವಿರಾಗಿ ಹಾಯಿಸಿ, ಮುರುಟಿದ್ದ ಕಡೆ ಬೆರಳಿನಿಂದ ತೀಡಿ, ಕ್ಲಿಕ್ ಎನಿಸಿದರು. ಹಿಂದಿನ ಸೀಟಿನಿಂದ ಡ್ರಾಯರಿನ ಮರೆಯಲ್ಲಿ ಒಂದು ದನಿ ಬಂತು.

"ಮೂವತ್ತೆರಡು ವರ್ಷ ಸಂಸಾರ ಮಾಡಿದೆ. ಒಂದು ದಿನವಾದರೂ ನನ್ನನ್ನ ಹೀಗೆ ಕೂರಿಸಿದ್ರಾ?"

"ಪೆಟ್ಟಿಗೆ ಮಾತಾಡಲ್ಲ ಕಣೇ, ಅದಕ್ಕೇ," ಎಂದರು ಮೇಸ್ತ್ರಿಗಳು. ಅಂದ ಮೇಲೆ ಕನ್ನಡಿಯಲ್ಲಿ ಹೆಂಡತಿಯ ಮುಖ ಕಂಡು, ಅನ್ನಬಾರದಿತ್ತು ಎನಿಸಿತು.

ಹತ್ತು ಹೊಡೆದಾಗ ಅವರಿನ್ನೂ ಹಾಲಿನ ಡೇರಿಯ ತಿರುವಿನಲ್ಲಿದ್ದರು. ಉಳಿ ಬಿಡುವ ಶಪಥವನ್ನು ಯಾರೂ ನೆನಪಿಸಲಿಲ್ಲ. ಬಸ್ಸಣ್ಣ ಮಾತ್ರ ಒಮ್ಮೆ ಕೆಮ್ಮಿದರು.

ಪೇಟೆಬೀದಿ ಸೇರಿದಾಗ ಹತ್ತೂಕಾಲು. ಟೈಲರಮ್ಮನ ಅಂಗಡಿ ಬೀಗ ರಿಪೇರಿಯವನ ಮತ್ತು ಫೋಟೋ ಸ್ಟುಡಿಯೋದವನ ನಡುವೆ. ಗಾಡಿಯನ್ನು ಹಿಂದಕ್ಕೆ ತಂದು ತೊಟ್ಟಿಯನ್ನು ಅಂಗಡಿಯ ಬಾಗಿಲಿಗೆ ಮುಖ ಮಾಡಬೇಕು. ಟೈಲರಮ್ಮ ಇಳಿದು, ಡ್ರಾಯರು ಹಿಡಿದುಕೊಂಡೇ, "ಬನ್ನಿ, ಬನ್ನಿ," ಎನ್ನುತ್ತ ಹಿಂದೆ ಹೋದರು. ಗಾಡಿ ಹಿಂದಕ್ಕೆ ಸರಿಯಿತು. ಬೀಪ್ ಬೀಪ್ ಎಂದಿತು. "ಬಾಯಿ ಮುಚ್ಚು, ನನಗೆ ಗೊತ್ತು!" ಎಂದು ಮೇಸ್ತ್ರಿಗಳು ಗದರಿದರು. ಅಷ್ಟರಲ್ಲಿ ಗಾಡಿ ತಾನೇ ತಾನಾಗಿ ಗಕ್ಕನೆ ನಿಂತುಬಿಟ್ಟಿತು. ಬಸ್ಸಣ್ಣನ ಹಣೆ ಡ್ರಾಯರಿಗೆ ಬಡಿಯಿತು.

ಇಳಿದು ನೋಡಿದರೆ, ಅಂಗಡಿಯ ಮೆಟ್ಟಿಲಿಗೂ ಗಾಡಿಗೂ ನಡುವೆ, ಎರಡು ಗೇಣು ದೂರದಲ್ಲಿ, ಟೈಲರಮ್ಮ ಡ್ರಾಯರನ್ನು ಎದೆಗವಚಿಕೊಂಡು ನಿಂತಿದ್ದಾರೆ. ಕಾಲು ಎಡವಿ ಅಲ್ಲೇ ಕೂತವರು ಈಗಷ್ಟೇ ಎದ್ದಿದ್ದರು.

ಮೇಸ್ತ್ರಿಗಳು ಓಡಿಬಂದು ಹೆಂಡತಿಯ ತೋಳು ಹಿಡಿದರು. "ಏಟು ಬಿತ್ತೇನೇ?"

"ಇಲ್ಲ. ನಿಂತಿತಲ್ಲ."

"ಹ್ಞೂಂ... ನಿಂತಿತು."

ಆ ಒಂದು ಬ್ರೇಕಿಗೆ ಮಾತ್ರ ಮೇಸ್ತ್ರಿಗಳು ಗಾಡಿಯನ್ನು ಬೈಯಲಿಲ್ಲ. ಹೋಗುವಾಗ ಅದರ ಪಕ್ಕೆಯನ್ನು ಯಾರಿಗೂ ಕಾಣದಂತೆ ಒಮ್ಮೆ ತಟ್ಟಿದರು.

ಆದರೆ ಸ್ನೇಹ ಹೆಚ್ಚು ಹೊತ್ತು ಉಳಿಯಲಿಲ್ಲ. ಹಿಂಬಾಗಿಲು ಇಳಿಸಿ, ಹಲಗೆ ಜೋಡಿಸಿದ್ದಾಯಿತು. ಬಸ್ಸಣ್ಣ ಕೆಳಗೆ ನಿಂತು ಹಗ್ಗ ಹಿಡಿದರು. ಮೇಸ್ತ್ರಿಗಳು ತೊಟ್ಟಿಯೊಳಗೆ, ಮೇಜಿನ ಹಿಂದೆ. ಮೂರನೇ ಕೈ ಆನಿಸಿ, "ಹ್ಞೂಂ!"

ಈ ಸಲ ಗಾಡಿ ಕಿರುಚಲಿಲ್ಲ. ಬದಲಿಗೆ ಹಿಂಬಾಗಿಲು ಗುಂಯ್ ಎಂದು ಮೇಲೇಳತೊಡಗಿತು! ಹಲಗೆಗಳು ಧಡಾರನೆ ಬಿದ್ದವು. ಬಾಗಿಲು ಮೇಜಿನ ಅಂಚಿಗೆ ತಾಗಿತು, ಏನೋ ನೆನಪಾದಂತೆ ನಿಂತಿತು, ಮತ್ತೆ ವಿನಯದಿಂದ ಕೆಳಗಿಳಿಯಿತು. ಹಲಗೆ ಜೋಡಿಸಿ ಮತ್ತೆ ಒತ್ತಿದರು. ಬಾಗಿಲು ಮತ್ತೆ ಎದ್ದಿತು, ತಾಗಿತು, ಇಳಿಯಿತು.

"ನಿನಗೆ ನಮಸ್ಕಾರ ಮಾಡ್ತಿದೆ ಮೇಸ್ತ್ರಿ!" ಎಂದ ಬೀಗ ರಿಪೇರಿಯವನು.

"ಇಳಿಯೋದೇ ಬೇಡ ಅಂತಿದೆ. ಅದಕ್ಕೂ ಮೇಜು ಹಿಡಿಸಿಬಿಟ್ಟಿದೆ," ಎಂದ ಸ್ಟುಡಿಯೋದವನು, ಕ್ಯಾಮೆರಾ ತರಲು ಒಳಗೆ ಓಡುತ್ತ.

ಮೇಸ್ತ್ರಿಗಳಿಗೆ ರೇಗಿತು. ಹಲ್ಲು ಕಚ್ಚಿ, ಇದ್ದಬದ್ದ ಬಲವನ್ನೆಲ್ಲ ಹೊಟ್ಟೆಗೆ ತಂದು ಒತ್ತಿದರು. ಪೇಂ! ಪೇಂ! ಪೇಂ! ಬಾಗಿಲು ಏಳುತ್ತದೆ, ಬಾಗಿಲು ಇಳಿಯುತ್ತದೆ, ದೀಪ ಮಿಟುಕುತ್ತದೆ, ಕ್ಯಾಬಿನ್ನಿನ ನಾಲ್ಕೂ ಬಾಗಿಲು ಟಕ್ ಎಂದು ಬೀಗ ಹಾಕಿಕೊಳ್ಳುತ್ತವೆ, ಟಕ್ ಎಂದು ತೆಗೆಯುತ್ತವೆ! ಬೀದಿಗೆ ಬೀದಿಯೇ ಸೇರಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಅಂಗಡಿಯ ಬಾಗಿಲಲ್ಲಿ ಟೈಲರಮ್ಮ ಒಬ್ಬರೇ ನಗುತ್ತಿರಲಿಲ್ಲ. ಅವರ ಹಿಂದೆ ಖಾಲಿ ಕೋಣೆ, ಗುಡಿಸಿ ಒರೆಸಿದ ನೆಲ, ನೆಲದ ನಡುವೆ ಮೇಜಿನ ನಾಲ್ಕು ಕಾಲಿಗಾಗಿ ಸೀಮೆಸುಣ್ಣದಲ್ಲಿ ಬರೆದುಕೊಂಡ ನಾಲ್ಕು ಗುರುತು.

"ಯಾರಿಗೆ ಏನಾಗಿದೆ ಇಲ್ಲಿ?"

ಗುಂಪು ತಾನಾಗಿ ಸರಿದು ದಾರಿ ಬಿಟ್ಟಿತು. ಬಂದವರು ಮೇಟ್ರನ್. ಎತ್ತರದ ಆಳು, ಇಸ್ತ್ರಿ ಮುರಿಯದ ಬಿಳಿ ಬಟ್ಟೆ, ನಲವತ್ತು ಹಾಸಿಗೆಯ ವಾರ್ಡನ್ನು ಒಂದೇ ನೋಟದಲ್ಲಿ ಮಲಗಿಸುವ ಕಣ್ಣು. ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷವಿತ್ತು.

"ಗಾಡಿ ಕೆಟ್ಟಿದೆ ಮೇಡಂ," ಮೇಸ್ತ್ರಿಗಳು ತೊಟ್ಟಿಯೊಳಗಿನಿಂದ ಬೆವರೊರೆಸಿಕೊಂಡರು. "ಸುಮ್ಮಸುಮ್ಮನೆ ಕಿರುಚುತ್ತೆ."

"ಸುಮ್ಮಸುಮ್ಮನೆ ಯಾರೂ ಕಿರುಚಲ್ಲ. ಯಾವಾಗ ಕಿರುಚುತ್ತೆ?"

"ಒತ್ತಿದಾಗ."

"ಯಾವುದರಿಂದ ಒತ್ತುತ್ತೀರಿ?"

"ಹೊ... ಹೊಟ್ಟೆಯಿಂದ."

"ಎಳೆದಾಗ?"

"ಎಳೆದಾಗ ಕಿರುಚಲ್ಲ ಮೇಡಂ. ಅದೇ ಆಶ್ಚರ್ಯ!"

ಮೇಟ್ರನ್ ಕೈಚೀಲವನ್ನು ಬಸ್ಸಣ್ಣನ ಕೈಗೆ ಕೊಟ್ಟು, ಪಕ್ಕದ ಚಕ್ರದ ಮೇಲೆ ಕಾಲಿಟ್ಟು ತೊಟ್ಟಿಯ ಅಂಚಿಗೆ ಏರಿದರು. "ನೆಟ್ಟಗೆ ನಿಲ್ಲಿ. ಉಸಿರು ಬಿಡಿ," ಎಂದು ಎರಡು ಬೆರಳಿನಿಂದ ಮೇಸ್ತ್ರಿಗಳ ಹೊಟ್ಟೆಯ ಎಡಭಾಗ ಒತ್ತಿದರು. ಏನೂ ಆಗಲಿಲ್ಲ. ಬಲಭಾಗ ಒತ್ತಿದರು. ಏನೂ ಇಲ್ಲ. ನಟ್ಟನಡುವೆ ಒತ್ತಿದರು.

ಪೇಂ!

"ಇಲ್ಲೇ ಇದೆ," ಎಂದರು ಮೇಟ್ರನ್. "ಗಾಡಿ ಚೆನ್ನಾಗಿದೆ. ತೊಂದರೆ ಇರೋದು ಹೊಟ್ಟೆಯಲ್ಲಿ."

ಜೇಬಿನೊಳಗೆ ಕೈ ಹಾಕಿ ಕೀ ಹೊರಗೆಳೆದು ಎತ್ತಿ ತೋರಿಸಿದರು. ಅದರ ಮೇಲೆ ಕಣ್ಣು ಕುಕ್ಕುವ ಕೆಂಪಿನ ಹಾರ್ನಿನ ಗುಂಡಿ, ಅದರ ಪಕ್ಕ ಹಿಂಬಾಗಿಲಿನ ಗುಂಡಿ, ಅದರ ಪಕ್ಕ ಬೀಗದ ಗುಂಡಿ. ಜನ ಕೀಯನ್ನೊಮ್ಮೆ, ಮೇಸ್ತ್ರಿಗಳ ಹೊಟ್ಟೆಯನ್ನೊಮ್ಮೆ ನೋಡಿದರು. ಆಮೇಲೆ ಎದ್ದ ನಗು ಗಾಡಿಯ ಹಾರ್ನನ್ನು ಮೀರಿಸಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಬಸ್ಸಣ್ಣ. "ನಾನು ಆಗಲೇ ಹೇಳಲಿಲ್ವಾ, ಭಾರ ಜಾಸ್ತಿ ಅಂತ!"

ಮೇಸ್ತ್ರಿಗಳು ಯಾರ ಮುಖವನ್ನೂ ನೋಡಲಿಲ್ಲ. ಮೇಜನ್ನೇ ನೋಡುತ್ತ, ಮೆಲ್ಲಗೆ, "ಮೇಡಂ, ತಪ್ಪು ನನ್ನದು. ಅಂಗಡಿಯವಳದ್ದಲ್ಲ. ಮೇಜು ತಡವಾದದ್ದು ನನ್ನಿಂದ. ಇವತ್ತು ಮಾತ್ರ ಅಲ್ಲ, ಇಪ್ಪತ್ತಾರು ವರ್ಷದಿಂದ," ಎಂದರು.

ಟೈಲರಮ್ಮ ಡ್ರಾಯರನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡರು.

ಆದರೆ ಮೇಟ್ರನ್ ಅವರ ಗಮನ ಅತ್ತ ಇರಲಿಲ್ಲ. ಅವರು ಏಪ್ರನ್ನಿನ ಜೇಬನ್ನು ಹಿಡಿದೆಳೆಯುತ್ತಿದ್ದರು. ಒಳಗೆ ಬೆರಳು ಹಾಕಿ ಮೂಲೆ ತಿರುವಿ, ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿದರು.

"ಈ ಜೇಬು ಎಷ್ಟು ಹಳೇದು?"

"ಎಂಟು ವರ್ಷ ಆಯ್ತು ಮೇಡಂ."

"ಎಂಟು ವರ್ಷ ಈ ಹೊಟ್ಟೆಯಿಂದ ಬೀರು ದೂಡಿದ್ದೀರಾ? ಮೊಳೆ ಇಟ್ಟುಕೊಂಡು?"

"ದಿನಾ."

"ನಮ್ಮ ಹುಡುಗಿಯರ ಕೋಟಿನ ಜೇಬು ಎರಡು ತಿಂಗಳಿಗೆ ಕಿತ್ತು ಬರುತ್ತೆ. ಕತ್ತರಿ ಬಿದ್ದುಹೋಗುತ್ತೆ, ಥರ್ಮಾಮೀಟರ್ ಒಡೆಯುತ್ತೆ. ಇದನ್ನ ಹೊಲಿದವರು ಯಾರು?"

ಬೀದಿಯ ಅಷ್ಟೂ ಬೆರಳು ಒಮ್ಮೆಗೇ ಟೈಲರಮ್ಮನ ಕಡೆ ತಿರುಗಿದವು.

ಮೇಜು ಒಳಗೆ ಬಂತು, ನಾಲ್ಕು ಕಾಲೂ ಸೀಮೆಸುಣ್ಣದ ಗುರುತಿನ ಮೇಲೆ ಕೂತವು. ಮೇಟ್ರನ್ ಅದನ್ನು ಅರ್ಧ ನಿಮಿಷ ನೋಡಿ "ಚೆನ್ನಾಗಿದೆ" ಎಂದರು. ಹಿತ್ತಾಳೆಪಟ್ಟಿಯ ಬಗ್ಗೆ ಒಂದು ಮಾತೂ ಇಲ್ಲ! ಜೇಬಿನ ಬಗ್ಗೆ ಕಾಲು ಗಂಟೆ ಮಾತಾಡಿದರು. ನೂರನಲವತ್ತು ಕೋಟು, ಪ್ರತಿಯೊಂದಕ್ಕೂ ಇದೇ ಹೊಲಿಗೆಯ ಎರಡು ಜೇಬು. ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತು ಮತ್ತೊಂದು ಮಾತು ಸೇರಿಸಿದರು.

"ಮೊದಲು ಒಂದು ಮಾದರಿ ಕೋಟು ಹೊಲಿಯಿರಿ. ಅದನ್ನ ಇವರ ಹೊಟ್ಟೆಗೇ ಹಾಕಿ ಒಂದು ವಾರ ಕೆಲಸ ಮಾಡಿಸಿ. ಜೇಬು ಉಳಿದರೆ ನನಗೆ ಕಳಿಸಿ."

ಹಿಂದಿರುಗುವಾಗ ಮೇಸ್ತ್ರಿಗಳು ಮುಂದಿನ ಸೀಟಿನ ಪೆಟ್ಟಿಗೆಯ ಬೆಲ್ಟು ಬಿಚ್ಚಿ, ಅದನ್ನು ಹಿಂದಿನ ಸೀಟಿಗೆ ದಾಟಿಸಿದರು. ಕ್ಯಾಬಿನ್ನಿನ ಬಾಗಿಲು ತೆರೆದು ಹಿಡಿದರು. ಮೆಟ್ಟಿಲು ತಾನಾಗಿ ಹೊರಬಂತು. ಟೈಲರಮ್ಮ ಹತ್ತಿ ಕೂತ ಮೇಲೆ ಬೆಲ್ಟು ಎಳೆದು, ಮುರುಟಿದ್ದ ಕಡೆ ಬೆರಳಿನಿಂದ ತೀಡಿ, ಕ್ಲಿಕ್ ಎನಿಸಿದರು. ಟೈಲರಮ್ಮ ಏನೂ ಮಾತಾಡಲಿಲ್ಲ. ಪೆಟ್ಟಿಗೆಗಿಂತಲೂ ಸುಮ್ಮನೆ ಕೂತಿದ್ದರು, ನಗು ತಡೆಯುತ್ತ.

ಮನೆಗೆ ಬಂದವರೇ ಮೇಸ್ತ್ರಿಗಳು ಬೆಂಚಿನ ಕುಂಟು ಕಾಲಿಗೆ ಒಂದು ಮರದ ತುಂಡು ಕೊಟ್ಟು ಪುಸ್ತಕ ಹೊರಗೆ ತೆಗೆದರು. ಕೀಗೆಂದು ಗೋಡೆಗೆ ಒಂದು ಚೆಂದದ ಗೂಟ ಕೆತ್ತಿ ಹೊಡೆದರು. "ಇನ್ನು ಮೇಲೆ ಕೀ ಇಲ್ಲೇ! ಜೇಬಿಗೆ ಹಾಕಿದರೆ ಕೇಳು!" ಎಂದು ಹೊಸ ಶಪಥವೂ ಆಯಿತು.

ಆರು ದಿನ ಕಳೆಯಿತು. ಏಳನೆಯ ದಿನ ಬೆಳಿಗ್ಗೆ, ಮೊಣಕಾಲಿನವರೆಗೆ ಇಳಿಬಿದ್ದ ಅಚ್ಚ ಬಿಳಿ ನರ್ಸ್ ಕೋಟು ತೊಟ್ಟು, ಕಿವಿಯಲ್ಲಿ ಪೆನ್ಸಿಲ್ಲು ಸಿಕ್ಕಿಸಿ, ಮೇಸ್ತ್ರಿಗಳು ಕೊಟ್ಟಿಗೆಯಲ್ಲಿ ಒಂದು ಬೀರುವಿಗೆ ಪೈಪು ಕೊಡುತ್ತಿದ್ದರು. ಬೇಲಿಯಾಚೆಯಿಂದ ಬಸ್ಸಣ್ಣನ ಮುಖ ಮೇಲೆದ್ದಿತು.

"ಸಿಸ್ಟರ್! ರಾತ್ರಿಯಿಂದ ತಲೆನೋವು. ಒಂದು ಮಾತ್ರೆ ಕೊಡ್ತೀರಾ?"

"ಬಾ ಒಳಗೆ! ದೊಡ್ಡ ಉಳಿಯಲ್ಲೇ ಇಂಜೆಕ್ಷನ್ ಕೊಡ್ತೀನಿ!" ಎಂದು ಗುಡುಗುತ್ತ ಮೇಸ್ತ್ರಿಗಳು ಬೀರುವಿಗೆ ಹೊಟ್ಟೆ ಆನಿಸಿ ಒತ್ತಿದರು.

ಅಂಗಳದಲ್ಲಿ ನಿಂತಿದ್ದ ಗಾಡಿ ದೀಪ ಮಿಟುಕಿಸಿತು.

ಪೇಂ! ಪೇಂ! ಪೇಂ! ಪೇಂ!

ಮೇಸ್ತ್ರಿಗಳು ಮರಗಟ್ಟಿ ನಿಂತರು. ಗೋಡೆಯ ಗೂಟ ನೋಡಿದರು, ಖಾಲಿ. ಬಿಳಿ ಜೇಬಿನ ಮೇಲೆ ಕೈ ಹೋಯಿತು. ಬೇಲಿಯಾಚೆ ಬಸ್ಸಣ್ಣ ನಗುತ್ತ ಕಣ್ಮರೆಯಾಗಿ, ಹುಲ್ಲಿನ ಮೇಲೆ ಉರುಳುವ ಸದ್ದು ಮಾತ್ರ ಕೇಳಿಸಿತು.

ಅಡುಗೆಮನೆಯಿಂದ ಟೈಲರಮ್ಮನ ಕೂಗು ಬಂತು: "ಅದು ಕಿರುಚಲಿ ಬಿಡ್ರೀ! ಹೊಲಿಗೆ ಏನಾದ್ರೂ ಬಿಟ್ಟಿತಾ ನೋಡಿ ಹೇಳಿ!"

ಮೇಸ್ತ್ರಿಗಳು ಜೇಬು ತಿರುವಿ ನೋಡಿದರು. ಒಂದು ಎಳೆಯೂ ಅಲುಗಿರಲಿಲ್ಲ.

"ಇಲ್ಲ ಮೇಡಂ," ಎಂದರು, ಸಣ್ಣ ದನಿಯಲ್ಲಿ.